ಚೆರಾನಿನ ಬೀದಿಯ ಒಲೆಗಳು

ಪಕ್ಷಗಳಿಲ್ಲದೆ ಪ್ರಜಾಪ್ರಭುತ್ವ ನಡೆಯಬಲ್ಲುದೇ ಎಂಬುದು ಹಳೆಯ ಪ್ರಶ್ನೆ. ಮೆಕ್ಸಿಕೋ ದೇಶದ ಒಂದು ಚಿಕ್ಕ ಪಟ್ಟಣ ಅದಕ್ಕೆ ಆಚರಣೆಯಲ್ಲಿಯೇ ಉತ್ತರ ಕೊಡಲೆತ್ನಿಸಿದೆ. ಆ ಊರಿನ ಹೆಸರು ಚೆರಾನ್. 2011ರಲ್ಲಿ ಅದು ರಾಜಕೀಯ ಪಕ್ಷಗಳನ್ನೂ ಪೊಲೀಸರನ್ನೂ ಹೊರಗಟ್ಟಿ, ತನ್ನ ಆಡಳಿತವನ್ನು ತಾನೇ ವಹಿಸಿಕೊಂಡಿತು.

ಚೆರಾನ್ ಇರುವುದು ಪಶ್ಚಿಮ ಮೆಕ್ಸಿಕೋದ ಮಿಚೊಆಕಾನ್ ಪ್ರಾಂತ್ಯದಲ್ಲಿ, ಸುಮಾರು 2,400 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲೆ. ಸುತ್ತಲೂ ಆರಿದ ಜ್ವಾಲಾಮುಖಿಗಳು, ಅವುಗಳ ಇಳಿಜಾರಿನಲ್ಲಿ ಪೈನ್ ಮತ್ತು ಓಕ್ ಮರಗಳ ಕಾಡು. 1943ರಲ್ಲಿ ಮುಸುಕಿನ ಜೋಳದ ಹೊಲವೊಂದನ್ನು ಸೀಳಿ ಮೇಲೆದ್ದ ಪಾರಿಕುಟಿನ್ ಅಗ್ನಿಪರ್ವತವೂ ಈ ಸೀಮೆಯದೇ. ಇಲ್ಲಿನವರು ಪುರೆಪೆಚಾ ಜನ. ಅವರ ನುಡಿಗೆ ಜಗತ್ತಿನ ಬೇರಾವ ಭಾಷೆಯೊಡನೆಯೂ ನಂಟು ಕಂಡುಬಂದಿಲ್ಲ. ಪಾಟ್ಸ್‌ಕ್ವಾರೊ ಸರೋವರದ ದಂಡೆಯ ತ್ಸಿನ್‌ತ್ಸುನ್‌ತ್ಸಾನ್ ಅವರ ರಾಜಧಾನಿಯಾಗಿತ್ತು. ಆಸ್ಟೆಕ್ ಸಾಮ್ರಾಜ್ಯಕ್ಕೆ ಮಣಿಯದ ಈ ರಾಜ್ಯ ಸ್ಪೇನಿನವರ ಕೈಸೇರಿತು. 1530ರಲ್ಲಿ ನೂನ್ಯೊ ದೆ ಗುಸ್ಮಾನ್ ಅದರ ಕೊನೆಯ ಅರಸನನ್ನು ಕೊಲ್ಲಿಸಿದನು. ಅರಸೊತ್ತಿಗೆ ಅಳಿಯಿತು, ಆದರೆ ಕಾಡು ಊರೊಟ್ಟಿನ ಸೊತ್ತೆಂಬ ಭಾವನೆ ಅಳಿಯಲಿಲ್ಲ.

ಆ ಕಾಡಿಗೇ ಕುತ್ತು ಬಂದುದು ಈ ಶತಮಾನದ ಮೊದಲ ದಶಕದ ಕೊನೆಯಲ್ಲಿ. ಪಾತಕಿ ತಂಡಗಳ ಬೆಂಬಲವಿದ್ದ ಮರಗಳ್ಳರು ಹಾಡುಹಗಲೇ ಲಾರಿಗಟ್ಟಲೆ ದಿಮ್ಮಿಗಳನ್ನು ಸಾಗಿಸಿದರು. ಎದುರಾಡಿದವರು ಕೊಲೆಯಾದರು, ಇಲ್ಲವೆ ಕಾಣೆಯಾದರು. ದೂರನ್ನು ಕೇಳುವವರಿರಲಿಲ್ಲ. ಕೊಡಲಿ ಊರಿನ ನೀರಿನ ಬುಗ್ಗೆಯ ಸಮೀಪಕ್ಕೆ ಬಂದಾಗ ತಾಳ್ಮೆ ಕಟ್ಟೆಯೊಡೆಯಿತು. 2011ರ ಏಪ್ರಿಲ್ 15ರ ನಸುಕಿನಲ್ಲಿ ಹೆಂಗಸರು ಮುಂದಾಗಿ ಲಾರಿಗಳನ್ನು ಅಡ್ಡಗಟ್ಟಿದರು. ಇಗರ್ಜಿಯ ಗಂಟೆ ಮೊಳಗಿತು, ಊರೇ ನೆರೆಯಿತು.

ಅಂದಿನಿಂದ ತಿಂಗಳುಗಟ್ಟಲೆ ಬೀದಿಬೀದಿಯ ಮೂಲೆಯಲ್ಲಿ ರಾತ್ರಿಯೆಲ್ಲ ಬೆಂಕಿ ಉರಿಯಿತು. ಅಡುಗೆಮನೆಯ ಒಲೆ ಹೊರಬಂದು ಕಾವಲುಠಾಣೆಯೂ ಸಭಾಸ್ಥಾನವೂ ಆಯಿತು. ನೆರೆಹೊರೆಯವರು ಅಲ್ಲಿ ಉಂಡರು, ವಾದಿಸಿದರು, ನಿರ್ಣಯಿಸಿದರು. ಇಂದಿಗೂ ಆಡಳಿತದ ಮೂಲ ಘಟಕ ಈ ‘ಬೆಂಕಿಗೂಡು’. ಅಲ್ಲಿಂದ ನಾಲ್ಕು ಕೇರಿಗಳ ಸಭೆಗಳಿಗೆ, ಕೇರಿಗೆ ಮೂವರಂತೆ 12 ಮಂದಿಯ ಹಿರಿಯರ ಮಂಡಲಿಗೆ ಅಧಿಕಾರ ಏರುತ್ತದೆ. ಮೂರು ವರ್ಷಕ್ಕೊಮ್ಮೆ ನಡೆಯುವ ಆಯ್ಕೆಯಲ್ಲಿ ಮತಪತ್ರವಿಲ್ಲ. ಒಪ್ಪಿದವರ ಹಿಂದೆ ಜನ ಸಾಲಾಗಿ ನಿಲ್ಲುತ್ತಾರೆ.

ಇದು ಬರಿಯ ದಂಗೆಯಾಗಿದ್ದರೆ ಬಹುಕಾಲ ಬಾಳುತ್ತಿರಲಿಲ್ಲ. ಚೆರಾನಿನ ಜಾಣತನವೆಂದರೆ ಬೀದಿಯ ಜೊತೆಗೆ ನ್ಯಾಯಾಲಯವನ್ನೂ ಬಳಸಿಕೊಂಡುದು. ಮೂಲನಿವಾಸಿಗಳ ಸ್ವಯಂನಿರ್ಣಯವನ್ನು ಮೆಕ್ಸಿಕೋ ಸಂವಿಧಾನ 2001ರಲ್ಲಿ ಅಂಗೀಕರಿಸಿತ್ತು. ಅದನ್ನಾಧರಿಸಿ ಚುನಾವಣಾ ನ್ಯಾಯಮಂಡಲಿ 2011ರ ನವೆಂಬರಿನಲ್ಲಿ ಊರಿನ ಪರ ತೀರ್ಪಿತ್ತಿತು. 2014ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದರ ಹಕ್ಕನ್ನು ಎತ್ತಿಹಿಡಿಯಿತು. ಚೆರಾನ್ ದೇಶದಿಂದ ಸಿಡಿದುಹೋಗಿಲ್ಲ; ಸರ್ಕಾರದ ಅನುದಾನ ಪಡೆಯುತ್ತದೆ, ಸಂವಿಧಾನಕ್ಕೆ ಬದ್ಧವಾಗಿದೆ.

ಫಲ ಕಣ್ಣಿಗೆ ಕಾಣುವಂತಿದೆ. ಊರವರೇ ಕಾವಲು ನಡೆಸುತ್ತಾರೆ. ಊರಿನ ಸಸಿತೋಟದ ಪೈನ್ ಸಸಿಗಳು ಬೋಳುಬೆಟ್ಟಗಳಿಗೆ ಮರಳಿವೆ. ಆದರೆ ಎಲ್ಲೆಯಾಚೆ ಬೇರೆಯೇ ಕಥೆ. 1997ರಲ್ಲಿ ಅಮೆರಿಕದ ಮಾರುಕಟ್ಟೆ ತೆರೆದ ಮೇಲೆ ಮಿಚೊಆಕಾನಿನ ಕಾಡು ಬೆಣ್ಣೆಹಣ್ಣಿನ ತೋಟಗಳಿಗೆ ಎಡೆಗೊಡುತ್ತಿದೆ. ಹಣವಿರುವಲ್ಲಿಗೆ ಪಾತಕಿಗಳೂ ಬರುತ್ತಾರೆ.

ಇತರರು ಚೆರಾನನ್ನು ಅನುಕರಿಸಬಹುದೇ? ಸುಲಭವಲ್ಲ. ಒಂದೇ ನುಡಿಯ ನೆನಪು, ಒಟ್ಟಾಗಿ ಕಾಯಬೇಕಾದ ಕಾಡು, ಮುಖ ಬಲ್ಲ ನೆರೆಹೊರೆ ಎಲ್ಲೆಡೆ ದೊರಕುವುದಿಲ್ಲ. ಮೇಲಾಗಿ ಇಂಥ ಸ್ವರಾಜ್ಯ ಪ್ರಜೆಯಿಂದ ಮತವನ್ನಷ್ಟೇ ಅಲ್ಲ, ರಾತ್ರಿಯ ನಿದ್ದೆಯನ್ನೂ ಕೇಳುತ್ತದೆ. ಅದನ್ನು ತೆರಲು ಮುಂದಿನ ತಲೆಮಾರು ಸಿದ್ಧವಾಗಿರುವವರೆಗೆ ಮಾತ್ರ ಅಲ್ಲಿನ ಕಾಡು ಸುರಕ್ಷಿತ.