ರಿಮ್ಮಿನ ಅಗಲ ನೋಡದೆ ಟೈರ್ ಹಾಕಬೇಡಿ

ಹೋದ ಮಳೆಗಾಲದಲ್ಲಿ ತಮ್ಮನ ಸ್ಪ್ಲೆಂಡರ್ ತೆಗೆದುಕೊಂಡು ಹೊಳೆನರಸೀಪುರಕ್ಕೆ ಹೋಗಿದ್ದೆ. ಹಿಂದೆ ಬೂಸಾ ಮೂಟೆ ಕಟ್ಟಿಕೊಂಡು ಅರಕಲಗೂಡಿನ ಕಡೆ ವಾಪಸಾಗುವಾಗ, ತಿರುವಿನಲ್ಲಿ ಗಾಡಿ ವಾಲಿಸಿದ ಕೂಡಲೇ ಹಿಂಬದಿ ಹಾವಿನ ಹಾಗೆ ಹೊರಳಿತು. ಪಂಕ್ಚರ್ ಇರಬೇಕೆಂದು ಇಳಿದು ಒತ್ತಿ ನೋಡಿದೆ, ಗಾಳಿ ಸರಿಯಾಗಿತ್ತು. ಕಡ್ಡಿ ಸಡಿಲ ಇರಲಿಲ್ಲ, ರಿಮ್ ಔಟ್ ಆಗಿರಲಿಲ್ಲ. ಆಮೇಲೆ ಟೈರಿನ ಮೇಲಿನ ಅಂಕಿ ಕಣ್ಣಿಗೆ ಬಿತ್ತು: 100/90-18. ಕಂಪನಿಯಿಂದ ಬಂದಾಗ ಇದ್ದದ್ದು 2.75-18.

‘ದಪ್ಪ ಟೈರ್ ಹಾಕಿಸ್ಕೊಳಿ ಅಣ್ಣ, ಗ್ರಿಪ್ ಚೆನ್ನಾಗಿರ್ತದೆ’ ಎಂದಿದ್ದರಂತೆ ಅಂಗಡಿಯಲ್ಲಿ. ಕೊಟ್ಟವರೂ ಕೊಂಡವನೂ ನೋಡಿದ್ದು ಕೊನೆಯ 18 ಒಂದನ್ನೇ. ಅದು ರಿಮ್ಮಿನ ವ್ಯಾಸ. ರಿಮ್ಮಿಗೆ ಅಗಲವೂ ಉಂಟು, ಅದನ್ನು ರಿಮ್ಮಿನ ಮೇಲೆಯೇ ಒತ್ತಿರುತ್ತಾರೆ. ಕೆಸರು ಒರೆಸಿ ಓದಿದೆ: 1.60x18. ನೂರು ಮಿ.ಮೀ. ಅಗಲದ ಆ ಟೈರಿಗೆ 2.15 ಅಂಗುಲದ ರಿಮ್ ಆದರೂ ಬೇಕು.

ಕಿರಿದಾದ ರಿಮ್ಮಿನಲ್ಲಿ ಟೈರಿನ ಎರಡೂ ಅಂಚು ಹತ್ತಿರ ಸೇರಿಕೊಂಡು ಪಕ್ಕೆಗಳು ಬಲ್ಬಿನ ಹಾಗೆ ಉಬ್ಬುತ್ತವೆ, ನೆತ್ತಿ ಚೂಪಾಗುತ್ತದೆ. ಹಾಗಾಗಿ ದುಡ್ಡು ಕೊಟ್ಟು ತಂದ ಅಗಲ ನೆಲ ಮುಟ್ಟುವುದೇ ಇಲ್ಲ. ಗಾಡಿ ವಾಲಿಸಿದಾಗ ರಿಮ್ ಒಂದು ಕಡೆ, ಟೈರ್ ಒಂದು ಕಡೆ ಎಳೆಯುತ್ತದೆ. ಎತ್ತರದ ತೊಂದರೆ ಬೇರೆ. 100/90 ಎಂದರೆ ಅಗಲದ ಶೇ 90ರಷ್ಟು, ಅಂದರೆ 90 ಮಿ.ಮೀ. ಎತ್ತರ, ಹಳೆಯದು ಸುಮಾರು 70. ಹಿಂಬದಿ ಎರಡು ಸೆಂ.ಮೀ. ಮೇಲೆದ್ದರೆ ಮುಂದಿನ ಫೋರ್ಕ್ ನೆಟ್ಟಗಾಗಿ ಹ್ಯಾಂಡಲ್ ಹಗುರವಾಗುತ್ತದೆ. ಅಗಲ ರಿಮ್ಮಿಗೆ ಸಣ್ಣ ಟೈರ್ ಹಾಕುವುದೂ ತಪ್ಪೇ: ಗುಂಡಿಗೆ ಇಳಿದರೆ ಏಟು ರಿಮ್ಮಿಗೇ.

ನಮ್ಮ ಜಿಲ್ಲೆಯಲ್ಲಿ ಬೈಕು ಶೋಕಿಯ ವಸ್ತುವಲ್ಲ. ಬೆಳಿಗ್ಗೆ ಡೇರಿಗೆ ಹಾಲಿನ ಕ್ಯಾನ್ ಹೊರುತ್ತದೆ, ಹಾಸನದ ಮಾರುಕಟ್ಟೆಯಿಂದ ಬಿತ್ತನೆ ಆಲೂಗಡ್ಡೆ ತರುತ್ತದೆ. ಚನ್ನರಾಯಪಟ್ಟಣದಲ್ಲಿ ಎರಡೂ ಪಕ್ಕ ಎಳನೀರಿನ ಗೊನೆ ತೂಗಿಹಾಕಿಕೊಂಡು ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹೋಗುವವರನ್ನು ನೋಡಿದ್ದೇನೆ. ಪಕ್ಕದಲ್ಲಿ ಲಾರಿ ಹಾದರೆ ಆ ಗಾಳಿಗೇ ಗಾಡಿ ತೂರಾಡುತ್ತದೆ. ಅಂಥ ಗಾಡಿಗೆ ತಪ್ಪು ಟೈರ್ ಇದ್ದರೆ ಏನಾದೀತೆಂದು ಯೋಚಿಸಿದರೆ ನನಗೆ ಮೈ ಜುಮ್ಮೆನ್ನುತ್ತದೆ.

ಸ್ವಂತ ಬೈಕಿನ ಆರ್‌ಸಿ 15 ವರ್ಷಕ್ಕೆ, ಅಲ್ಲಿಯವರೆಗೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕಿಲ್ಲ. ಅಷ್ಟು ದಿನ ಹೆಲ್ಮೆಟ್ಟು, ಡಿಎಲ್ಲು, ಇನ್ಶೂರೆನ್ಸು ಕೇಳುವವರಿದ್ದಾರೆ, ರಿಮ್ಮಿನ ಮೇಲೆ ಏನು ಬರೆದಿದೆ ಎಂದು ಬಗ್ಗಿ ನೋಡುವವರಿಲ್ಲ. ಆದ್ದರಿಂದ ಈ ಕೆಲಸ ಅಂಗಡಿಯಲ್ಲೇ ಆಗಬೇಕು. ಟೈರ್ ಕಳಚಿದ ಮೇಲೆ ರಿಮ್ಮಿನ ಅಂಕಿ ಓದಲಿ, ಟೈರಿನ ಅಳತೆಯನ್ನೂ ರಿಮ್ಮಿನ ಅಳತೆಯನ್ನೂ ಬಿಲ್ಲಿನಲ್ಲಿ ಬರೆಯಲಿ. ಚಪ್ಪಲಿ ಕೊಡುವವರೂ ಕಾಲಿನ ಅಳತೆ ಕೇಳುತ್ತಾರೆ. ಗಿರಾಕಿ ಹಟ ಹಿಡಿದರೂ ಆಗುವುದಿಲ್ಲ ಎನ್ನುವ ಅಂಗಡಿಯವರಿಗೆ ನಾನು ಕೈ ಮುಗಿಯುತ್ತೇನೆ.

ತಮ್ಮನ ಗಾಡಿಗೆ ಮತ್ತೆ 2.75 ಹಾಕಿಸಿದೆವು. ಬಿಚ್ಚಿದ ಟೈರ್ ಕೊಟ್ಟಿಗೆಯಲ್ಲಿತ್ತು. ಮೊನ್ನೆ ನಮ್ಮ ಭಾವಮೈದ ತನ್ನ ಬೈಕಿಗೆ ಕೇಳಿಕೊಂಡು ಬಂದ. ಮೊದಲು ರಿಮ್ ನೋಡಿದೆ. 1.85 ಎಂದಿತ್ತು. ಕೊಡಲಿಲ್ಲ.