ಪರೀಕ್ಷೆ ನಿಶ್ಶಬ್ದದಲ್ಲಿ, ಬದುಕು ಗದ್ದಲದಲ್ಲಿ: ಶ್ರವಣ ಸಾಧನದ ಆಯ್ಕೆ ಎಡವುವುದೆಲ್ಲಿ?

ಕಿವಿ ಮಂದವಾಗಿದೆ ಎಂದು ವೈದ್ಯರ ಬಳಿಗೆ ಬರುವ ಹಿರಿಯರ ದೂರು ಸಾಮಾನ್ಯವಾಗಿ ಒಂದೇ ಬಗೆಯದು. ಮನೆಯಲ್ಲಿ ಒಬ್ಬರೇ ಎದುರು ಕುಳಿತು ಮಾತನಾಡಿದರೆ ಕೇಳುತ್ತದೆ. ನಾಲ್ಕು ಜನ ಸೇರಿದೆಡೆ ಏನೂ ತಿಳಿಯುವುದಿಲ್ಲ. ಕಲ್ಯಾಣ ಮಂಟಪ, ದರ್ಶಿನಿ, ಬಸ್ ನಿಲ್ದಾಣ, ಬ್ಯಾಂಕಿನ ಕೌಂಟರ್ – ತೊಂದರೆ ಇರುವುದು ಅಲ್ಲಿ. ಆದರೆ ಈ ದೂರನ್ನು ಹೊತ್ತು ಬಂದವರನ್ನು ಮೊದಲು ಕೂರಿಸುವುದು ಶಬ್ದ ನುಸುಳದ ಕೋಣೆಯಲ್ಲಿ. ಸಾಧನವನ್ನು ಕಿವಿಗೆ ಹಾಕಿ 'ಈಗ ಕೇಳಿಸುತ್ತಿದೆಯೇ?' ಎಂದು ವಿಚಾರಿಸುವುದೂ ಹವಾನಿಯಂತ್ರಿತ ಶಾಂತ ಮಳಿಗೆಯಲ್ಲಿ. ಅಲ್ಲಿ ಕೇಳಿಸದೆ ಏನು? ಹಣ ತೆತ್ತು ಮನೆಗೆ ಬಂದ ಕೆಲವೇ ದಿನಗಳಲ್ಲಿ ನೆಂಟರ ಮದುವೆಗೆ ಹೋದಾಗ ವಾಲಗ, ಪಾತ್ರೆಗಳ ಸದ್ದು, ನೂರು ಜನರ ಮಾತು ಎಲ್ಲವೂ ಒಟ್ಟಾಗಿ ಕಿವಿಗೆ ಬಡಿಯುತ್ತವೆ. ಅಲ್ಲಿಂದ ಮುಂದೆ ಆ ಸಾಧನದ ವಾಸ ಬೀರುವಿನಲ್ಲಿ.

ಇದು ಬಿಡಿ ವ್ಯಕ್ತಿಗಳ ದುರದೃಷ್ಟವಲ್ಲ. ಪರೀಕ್ಷೆ, ಕಾನೂನು ಮತ್ತು ಮಾರುಕಟ್ಟೆ ಈ ಮೂರೂ ಶ್ರವಣವನ್ನು ನಿಶ್ಶಬ್ದದಲ್ಲಿ ಅಳೆಯುತ್ತಿರುವುದರ ಪರಿಣಾಮ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ವಿಶ್ವ ಶ್ರವಣ ವರದಿಯ ಪ್ರಕಾರ ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ಜನರಿಗೆ ಒಂದಲ್ಲ ಒಂದು ಪ್ರಮಾಣದ ಶ್ರವಣ ದೋಷವಿದೆ. ಇವರ ಪೈಕಿ ಸುಮಾರು 43 ಕೋಟಿ ಮಂದಿಗೆ ಪುನರ್ವಸತಿ ಸೇವೆ ಅಗತ್ಯ. ಅದೇ ವರದಿ ದೋಷದ ಪ್ರಮಾಣವನ್ನು ವರ್ಗೀಕರಿಸುವಾಗ ಪ್ರತಿ ಹಂತದಲ್ಲೂ ಶಾಂತ ವಾತಾವರಣದ ಅನುಭವ ಮತ್ತು ಗದ್ದಲದ ಅನುಭವವನ್ನು ಬೇರೆಬೇರೆಯಾಗಿ ವಿವರಿಸುತ್ತದೆ. 20 ಡೆಸಿಬಲ್ ದಾಟಿದವರಿಗೇ ಗದ್ದಲದಲ್ಲಿ ಮಾತು ಹಿಡಿಯುವುದು ಕಷ್ಟವಾಗಬಹುದೆಂದು ಅದು ಒಪ್ಪುತ್ತದೆ.

ಭಾರತದ ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಹೇಳುವುದೇ ಬೇರೆ. ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದವರು ಮಂದ ಶ್ರವಣದವರು. 70 ದಾಟಿದವರು ಕಿವುಡರು. ಐವತ್ತು ಡೆಸಿಬಲ್ ಕಳೆದುಕೊಂಡು, ಹೋಟೆಲಿನಲ್ಲಿ ಪಕ್ಕದವರ ಮಾತೂ ಅರ್ಥವಾಗದ ನಿವೃತ್ತ ಶಿಕ್ಷಕರು ಕಾನೂನಿನ ಕಣ್ಣಿಗೆ ಚೆನ್ನಾಗಿ ಕೇಳುವವರೇ. ಶೇ. 40ರ ಅಂಗವೈಕಲ್ಯ ಪ್ರಮಾಣಪತ್ರ ದೊರೆಯದಿದ್ದರೆ 1981ರಿಂದ ನಡೆದುಬಂದಿರುವ ಕೇಂದ್ರದ ಸಾಧನ ವಿತರಣಾ ಯೋಜನೆಯ ಬಾಗಿಲೂ ಅವರಿಗೆ ತೆರೆಯದು. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಬಡ ಹಿರಿಯರಿಗೆ ಮೀಸಲು. ನಡುವೆ ಉಳಿಯುವ ಮಧ್ಯಮ ವರ್ಗದವರು ಮಾರುಕಟ್ಟೆಯ ಮುಂದೆ ಒಂಟಿಯಾಗಿ ನಿಲ್ಲುತ್ತಾರೆ.

ಸಾಲು, ಪಾಲು, ಕಾಲು, ಹಾಲು

ಗದ್ದಲದಲ್ಲಿ ಏನು ಕೆಡುತ್ತದೆ ಎಂಬುದು ತಿಳಿದರೆ ಆಯ್ಕೆಯ ಅರ್ಧ ಕೆಲಸ ಮುಗಿದಂತೆ. ವಯಸ್ಸಿನೊಂದಿಗೆ ಬರುವ ಮಂದತೆ ಹೆಚ್ಚಾಗಿ ಎತ್ತರದ ಕಂಪನಾಂಕಗಳನ್ನು ಮೊದಲು ಕಸಿಯುತ್ತದೆ. ಸ್ವರಗಳ ಬಲ ಕೆಳಗಿನ ಕಂಪನಾಂಕಗಳಲ್ಲಿರುವುದರಿಂದ ಅವು ಉಳಿಯುತ್ತವೆ. ಸಕಾರ, ಶಕಾರ, ತಕಾರ, ಪಕಾರದಂತಹ ದುರ್ಬಲ ವ್ಯಂಜನಗಳು ಜಾರುತ್ತವೆ. ಸಾಲು, ಪಾಲು, ಕಾಲು, ಹಾಲು – ಎಲ್ಲದರಲ್ಲೂ 'ಆಲು' ಮಾತ್ರ ಕೇಳುತ್ತದೆ. ಮಾತು ಕೇಳುತ್ತದೆ, ಅರ್ಥವಾಗುವುದಿಲ್ಲ ಎಂಬ ದೂರಿನ ಮೂಲ ಇದು. ಶಾಂತವಾದ ಮನೆಯಲ್ಲಿ ಸಂದರ್ಭ ಮತ್ತು ತುಟಿಯ ಚಲನೆ ನೋಡಿ ಮೆದುಳು ಉಳಿದುದನ್ನು ತುಂಬಿಕೊಳ್ಳುತ್ತದೆ. ಗದ್ದಲ ಆ ಅಳಿದುಳಿದ ಸುಳಿವುಗಳನ್ನೂ ಮುಚ್ಚುತ್ತದೆ.

ಹತ್ತಾರು ದನಿಗಳ ನಡುವೆ ಒಂದನ್ನೇ ಹಿಂಬಾಲಿಸುವ ಮಾನವ ಸಾಮರ್ಥ್ಯವನ್ನು ಬ್ರಿಟಿಷ್ ವಿಜ್ಞಾನಿ ಕಾಲಿನ್ ಚೆರ್ರಿ 1953ರಲ್ಲೇ ಅಧ್ಯಯನ ಮಾಡಿ ಅದಕ್ಕೆ 'ಕಾಕ್‌ಟೇಲ್ ಪಾರ್ಟಿ ಸಮಸ್ಯೆ' ಎಂದು ಹೆಸರಿಟ್ಟರು. ಇಲ್ಲಿ ಮುಖ್ಯವಾದುದು ಮಾತು ಎಷ್ಟು ಜೋರಾಗಿದೆ ಎಂಬುದಲ್ಲ, ಸುತ್ತಲಿನ ಸದ್ದಿಗಿಂತ ಎಷ್ಟು ಮೇಲಿದೆ ಎಂಬುದು. ಸಹಜ ಕಿವಿಯವರು ಮಾತು ಮತ್ತು ಗದ್ದಲ ಸಮನಾಗಿದ್ದರೂ ನಿಭಾಯಿಸುತ್ತಾರೆ. ಒಳಕಿವಿ ಸವೆದವರಿಗೆ ಮಾತು ಗದ್ದಲಕ್ಕಿಂತ ಹಲವು ಡೆಸಿಬಲ್ ಮೇಲಿರಬೇಕು. ಈ ಗಡಿಯಲ್ಲಿ ಒಂದೊಂದು ಡೆಸಿಬಲ್ ಅನುಕೂಲವೂ ಅರ್ಥವಾಗುವ ಮಾತಿನ ಪ್ರಮಾಣವನ್ನು ಶೇ. 10ರ ಆಸುಪಾಸಿನಲ್ಲಿ ಏರಿಸಬಲ್ಲದು. ಸಾಮಾನ್ಯ ಸಂಭಾಷಣೆ 60ರಿಂದ 65 ಡೆಸಿಬಲ್‌ನಷ್ಟಿದ್ದರೆ ತುಂಬಿದ ಹೋಟೆಲು 75ನ್ನು ಸುಲಭವಾಗಿ ದಾಟುತ್ತದೆ. ತೊಳೆಯಲು ಅನುಕೂಲವೆಂದು ನಮ್ಮ ಉಪಾಹಾರ ಮಂದಿರಗಳು ಮೆಚ್ಚಿಕೊಂಡಿರುವ ಗ್ರಾನೈಟ್, ಟೈಲ್ಸ್ ಮತ್ತು ಸ್ಟೀಲು ಲೋಟಗಳು ಆ ಸದ್ದನ್ನು ಹೀರುವ ಬದಲು ಮತ್ತೆ ಮತ್ತೆ ಎಸೆಯುತ್ತವೆ.

ಎಲ್ಲವನ್ನೂ ಒಂದೇ ಸಮನೆ ಹಿಗ್ಗಿಸುವ ಸಾಧನ ಇಲ್ಲಿ ಏನೂ ಮಾಡಲಾರದು. ಮಾತಿನ ಜತೆ ಗದ್ದಲವನ್ನೂ ಅಷ್ಟೇ ಏರಿಸುತ್ತದೆ, ಅಂತರ ಇದ್ದಲ್ಲೇ ಇರುತ್ತದೆ. ಜಾಲತಾಣಗಳಲ್ಲಿ ಅಗ್ಗಕ್ಕೆ ಸಿಗುವ ಧ್ವನಿವರ್ಧಕಗಳನ್ನು ಮಕ್ಕಳು ಪ್ರೀತಿಯಿಂದ ತರಿಸಿಕೊಟ್ಟು, ಹೆತ್ತವರು ಅದನ್ನು ಮುಟ್ಟದಿರುವುದಕ್ಕೆ ಕಾರಣವೂ ಇದೇ.

ಚಾನೆಲ್‌ಗಳ ಲೆಕ್ಕ

ಮಳಿಗೆಗಳಲ್ಲಿ ದರ ನಿಗದಿಯಾಗುವುದು ಬಹುಮಟ್ಟಿಗೆ ಚಾನೆಲ್‌ಗಳ ಸಂಖ್ಯೆಯ ಮೇಲೆ. ನಾಲ್ಕು, ಎಂಟು, ಹದಿನಾರು, ಇಪ್ಪತ್ತು ಎಂದು ಏರುತ್ತಾ ಕೆಲವು ಸಾವಿರ ರೂಪಾಯಿಗಳಿಂದ ಆರಂಭವಾದ ಬೆಲೆ ಜೋಡಿಯೊಂದಕ್ಕೆ ಲಕ್ಷಗಳನ್ನು ದಾಟುತ್ತದೆ. ಹೆಚ್ಚು ಚಾನೆಲ್ ಎಂದರೆ ಗದ್ದಲದಲ್ಲಿ ಹೆಚ್ಚು ಅರ್ಥವಾಗುತ್ತದೆ ಎಂಬ ಭಾವನೆಯನ್ನು ಗ್ರಾಹಕರಲ್ಲಿ ಬಿತ್ತಲಾಗುತ್ತದೆ. ಅಮೆರಿಕದ ಮೆಂಫಿಸ್ ವಿಶ್ವವಿದ್ಯಾಲಯದ ರಾಬಿನ್ ಕಾಕ್ಸ್ ಮತ್ತು ಸಂಗಡಿಗರು ಎರಡು ದೊಡ್ಡ ಕಂಪನಿಗಳ ಸಾಧಾರಣ ಹಾಗೂ ದುಬಾರಿ ಮಾದರಿಗಳನ್ನು ಹಿರಿಯರಿಗೆ ತೊಡಿಸಿ, ಪ್ರಯೋಗಾಲಯದಲ್ಲೂ ದಿನನಿತ್ಯದ ಬದುಕಿನಲ್ಲೂ ಹೋಲಿಸಿ ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡೂ ದರ್ಜೆಯ ಸಾಧನಗಳಿಂದ ಪ್ರಯೋಜನವಾಯಿತು. ದುಬಾರಿಯವುಗಳಿಂದ ಗಮನಾರ್ಹವಾಗಿ ಹೆಚ್ಚೇನೂ ಆಗಲಿಲ್ಲ. ಅಧ್ಯಯನ ಚಿಕ್ಕದು, ತಂತ್ರಜ್ಞಾನ ಅಲ್ಲಿಂದ ಮುಂದೆ ಸಾಗಿದೆ. ಆದರೂ ಬೆಲೆಪಟ್ಟಿಯನ್ನೇ ಫಲಿತಾಂಶದ ಪಟ್ಟಿಯೆಂದು ನಂಬುವವರು ಇದನ್ನು ಅರಿತಿರುವುದು ಒಳಿತು.

ಗದ್ದಲದಲ್ಲಿ ನಿಜವಾಗಿ ನೆರವಿಗೆ ಬರುವ ಮೊದಲ ಅಂಶ ದಿಕ್ಕನ್ನು ಗುರುತಿಸುವ ಮೈಕ್. ಒಂದೇ ಸಾಧನದಲ್ಲಿ ಎರಡು ಮೈಕ್‌ಗಳಿದ್ದು, ಮುಂದಿನಿಂದ ಬರುವ ಮಾತನ್ನು ಉಳಿಸಿ ಹಿಂದಿನ ಸದ್ದನ್ನು ತಗ್ಗಿಸುತ್ತವೆ. ಪ್ರಯೋಗಾಲಯದಲ್ಲಿ ಇದರ ಲಾಭ ಮೂರರಿಂದ ಐದು ಡೆಸಿಬಲ್. ಪ್ರತಿಧ್ವನಿ ತುಂಬಿದ ಮಂಟಪದಲ್ಲಿ ಅದಕ್ಕಿಂತ ಕಡಿಮೆ. ಇಲ್ಲಿಯೇ ನಾಚಿಕೆ ದುಬಾರಿಯಾಗುವುದು. ಯಾರಿಗೂ ಕಾಣದಿರಲಿ ಎಂದು ಕಿವಿಯ ನಾಳದೊಳಗೆ ಪೂರ್ತಿ ಅಡಗುವ ಪುಟ್ಟ ಸಾಧನವನ್ನು ಬಯಸುವವರು ಬಹಳ. ಅಷ್ಟು ಚಿಕ್ಕದರಲ್ಲಿ ಸಾಮಾನ್ಯವಾಗಿ ಒಂದೇ ಮೈಕ್‌ಗೆ ಜಾಗ. ಗದ್ದಲದಲ್ಲಿ ಕೇಳಬೇಕೆಂದು ಬಂದವರು ಗದ್ದಲದಲ್ಲಿ ಅತಿ ದುರ್ಬಲವಾದುದನ್ನೇ ಹೆಚ್ಚು ಹಣ ಕೊಟ್ಟು ಕೊಂಡೊಯ್ಯುತ್ತಾರೆ. ಕನ್ನಡಕದ ಬಗ್ಗೆ ಇಲ್ಲದ ಸಂಕೋಚ ಕಿವಿಯ ಹಿಂದಿನ ಸಾಧನದ ಬಗ್ಗೆ ಏಕಿರಬೇಕು?

ದಿಕ್ಕಿನ ಮೈಕ್ ಇದ್ದರೂ ಕೂರುವ ಜಾಗ ಸರಿಯಿರಬೇಕು. ಮಾತನಾಡುವವರು ಎದುರಿಗೆ, ಹತ್ತಿರದಲ್ಲಿರಬೇಕು. ಅಡುಗೆಮನೆ, ಕೌಂಟರ್, ವಾಲಗದವರು ಬೆನ್ನ ಹಿಂದೆ ಬರಬೇಕು. ಎರಡೂ ಕಿವಿಗಳಲ್ಲಿ ದೋಷವಿದ್ದು ಹಣ ಉಳಿಸಲೆಂದು ಒಂದಕ್ಕೆ ಮಾತ್ರ ಸಾಧನ ಹಾಕಿಸಿದರೆ ಸದ್ದಿನ ದಿಕ್ಕನ್ನು ಅಂದಾಜಿಸುವ ಶಕ್ತಿ ಕುಂದುತ್ತದೆ. ಒಂದು ಕಿವಿಗೆ ದುಬಾರಿ ಸಾಧನಕ್ಕಿಂತ ಎರಡಕ್ಕೂ ಮಧ್ಯಮ ದರದವು ಬಹುಜನರಿಗೆ ಮೇಲು.

ಕಿವಿಯೊಳಗೆ ಕೂರುವ ತುದಿಯ ಬಗ್ಗೆಯಂತೂ ಗ್ರಾಹಕರು ಕೇಳುವುದೇ ಅಪರೂಪ. ರಂಧ್ರಗಳಿರುವ ಮೃದುವಾದ ತೆರೆದ ಡೋಮ್ ಹಿತಕರ. ತನ್ನ ದನಿ ತನಗೇ ಗುಂಯ್ಗುಡುವುದಿಲ್ಲ. ಆದರೆ ಹೊರಗಿನ ಗದ್ದಲ ಅದರ ಸಂದಿಯಿಂದ ನೇರವಾಗಿ ಒಳಬರುತ್ತದೆ, ಮೈಕ್ ಮಾಡಿದ ಶೋಧನೆ ಅಷ್ಟರಮಟ್ಟಿಗೆ ವ್ಯರ್ಥ. ಮಧ್ಯಮ ಅಥವಾ ಅದಕ್ಕೂ ಹೆಚ್ಚಿನ ದೋಷವಿದ್ದವರಿಗೆ ಕಿವಿಯ ಅಳತೆಗೆ ತಯಾರಿಸಿದ ಅಚ್ಚು ಹೆಚ್ಚು ಫಲ ಕೊಡುತ್ತದೆ. ಹಾಗೆಯೇ, ಸಾಧನ ಹಾಕಿದ ಮೇಲೆ ಕಿವಿಯ ತಮಟೆಯ ಸಮೀಪ ತೆಳುವಾದ ಕೊಳವೆಯಿಟ್ಟು ಅಲ್ಲಿಗೆ ನಿಜವಾಗಿ ತಲುಪುವ ಧ್ವನಿಯನ್ನು ಅಳೆಯುವ ವಿಧಾನವಿದೆ. ಕಂಪ್ಯೂಟರ್ ಸೂಚಿಸಿದ ಆರಂಭದ ಹೊಂದಾಣಿಕೆ ಪ್ರತಿಯೊಬ್ಬರ ಕಿವಿಗೂ ಸರಿಹೊಂದದು. ಈ ಅಳತೆ ಮಾಡುವವರು ಯಾರು, ಅವರು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳಲು ಗ್ರಾಹಕರು ಹಿಂಜರಿಯಬೇಕಿಲ್ಲ.

ಎಲ್ಲಕ್ಕಿಂತ ಉಪೇಕ್ಷಿತವಾದುದು ಪ್ರತ್ಯೇಕ ರಿಮೋಟ್ ಮೈಕ್. ಮಾತನಾಡುವವರ ಕಾಲರಿಗೆ ಸಿಕ್ಕಿಸಬಹುದಾದ ಅಥವಾ ಮೇಜಿನ ಮೇಲಿಡಬಹುದಾದ ಈ ಪುಟ್ಟ ಉಪಕರಣ ಬಾಯಿಯ ಸಮೀಪದಲ್ಲೇ ಮಾತನ್ನು ಹಿಡಿದು ನಿಸ್ತಂತುವಾಗಿ ಕಿವಿಗೆ ಕಳುಹಿಸುತ್ತದೆ. ಬಯಲಿನಲ್ಲಿ ದೂರ ದುಪ್ಪಟ್ಟಾದಾಗ ಧ್ವನಿ ಆರು ಡೆಸಿಬಲ್ ಇಳಿಯುತ್ತದೆ ಎಂಬ ಸರಳ ನಿಯಮವೇ ಇದರ ಬಲ. ಕಿವಿಯ ಮೇಲಿನ ಯಾವುದೇ ಮೈಕ್ ಕೊಡಲಾರದಷ್ಟು, ಹತ್ತು ಡೆಸಿಬಲ್‌ಗೂ ಮಿಗಿಲಾದ ಅನುಕೂಲ ಇದರಿಂದ ಸಾಧ್ಯ. ಎರಡು ದರ್ಜೆ ಕೆಳಗಿನ ಸಾಧನ ಕೊಂಡು ಉಳಿದ ಹಣವನ್ನು ರಿಮೋಟ್ ಮೈಕ್‌ಗೆ ಹಾಕುವುದು ಎಷ್ಟೋ ಸಂದರ್ಭಗಳಲ್ಲಿ ಜಾಣತನ. ಒಂದು ಕಂಪನಿಯ ಮೈಕ್ ಇನ್ನೊಂದು ಕಂಪನಿಯ ಸಾಧನಕ್ಕೆ ಸಾಮಾನ್ಯವಾಗಿ ಹೊಂದದ ಕಾರಣ ಇದನ್ನು ಮೊದಲೇ ವಿಚಾರಿಸಬೇಕು.

ಕೃತಕ ಬುದ್ಧಿಮತ್ತೆಯ ಭರವಸೆ

ಇತ್ತೀಚಿನ ಜಾಹೀರಾತುಗಳ ತುಂಬ ಕೃತಕ ಬುದ್ಧಿಮತ್ತೆ. ಹಳೆಯ ಗದ್ದಲ ನಿವಾರಣಾ ತಂತ್ರಗಳು ಆಯಾಸವನ್ನು ತಗ್ಗಿಸುತ್ತಿದ್ದವೇ ಹೊರತು ಅರ್ಥವಾಗುವ ಮಾತಿನ ಪ್ರಮಾಣವನ್ನು ಹೆಚ್ಚೇನೂ ಏರಿಸುತ್ತಿರಲಿಲ್ಲ. ಗದ್ದಲ ಫ್ಯಾನಿನದ್ದಾದರೆ ಬೇರ್ಪಡಿಸಬಹುದು, ಅದೂ ಮನುಷ್ಯರ ಮಾತೇ ಆದಾಗ ಯಂತ್ರಕ್ಕೆ ಕಷ್ಟ. ಸ್ವಿಟ್ಜರ್ಲೆಂಡಿನ ಫೋನಾಕ್ ಕಂಪನಿ 2024ರ ಆಗಸ್ಟ್‌ನಲ್ಲಿ ಮಾತನ್ನು ಗದ್ದಲದಿಂದ ಬೇರ್ಪಡಿಸಲೆಂದೇ ಪ್ರತ್ಯೇಕ ಚಿಪ್ ಇರುವ ಸಾಧನವನ್ನು ತಂದಿತು. ಬೇರೆ ಕಂಪನಿಗಳೂ ಅದೇ ಹಾದಿಯಲ್ಲಿವೆ. ಇದು ಬರಿಯ ಪ್ರಚಾರವಲ್ಲ, ದಿಟವಾದ ಹೆಜ್ಜೆ. ಆದರೆ ಈ ಸೌಲಭ್ಯ ಚಾಲನೆಯಲ್ಲಿದ್ದಾಗ ಬ್ಯಾಟರಿ ಬೇಗ ಬರಿದಾಗುತ್ತದೆ, ಬೆಲೆ ಮೇಲಿನ ದರ್ಜೆಯದು.

ಅಮೆರಿಕ 2022ರ ಅಕ್ಟೋಬರ್‌ನಿಂದ ಅಲ್ಪ ಹಾಗೂ ಮಧ್ಯಮ ದೋಷದ ವಯಸ್ಕರಿಗೆ ಪರೀಕ್ಷೆ, ಚೀಟಿಗಳಿಲ್ಲದೆಯೇ ಸಾಧನ ಮಾರಲು ಅನುಮತಿಸಿದೆ. 2024ರ ಸೆಪ್ಟೆಂಬರ್‌ನಲ್ಲಿ ಆಪಲ್ ಕಂಪನಿಯ ಏರ್‌ಪಾಡ್ಸ್ ಪ್ರೊ ಇಯರ್‌ಫೋನನ್ನೇ ಶ್ರವಣ ಸಾಧನವಾಗಿ ಬಳಸುವ ತಂತ್ರಾಂಶಕ್ಕೂ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಒಪ್ಪಿಗೆ ನೀಡಿತು. ಬೆಲೆ ತಗ್ಗಿಸುವ ದೃಷ್ಟಿಯಿಂದ ಇದು ಸ್ವಾಗತಾರ್ಹ. ಒಂದೇ ಕಿವಿ ಹಠಾತ್ತಾಗಿ ಮಂದವಾದವರು, ಕಿವಿ ಸೋರುವವರು, ತಲೆಸುತ್ತು ಇರುವವರು ಮಾತ್ರ ಮೊದಲು ವೈದ್ಯರನ್ನೇ ಕಾಣಬೇಕು.

ಈ ಆಯ್ಕೆ ಬರಿಯ ಅನುಕೂಲದ ಪ್ರಶ್ನೆಯಲ್ಲ. ಬುದ್ಧಿಮಾಂದ್ಯ, ಅಂದರೆ ಡಿಮೆನ್ಷಿಯಾ ಕುರಿತ ಲ್ಯಾನ್ಸೆಟ್ ಆಯೋಗ 2024ರಲ್ಲಿ ಗುರುತಿಸಿದ, ತಡೆಯಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಶ್ರವಣ ದೋಷ ಪ್ರಮುಖವಾದುದು. ಸಾಧನ ಹಾಕಿದರೆ ಮರೆವು ತಪ್ಪುತ್ತದೆ ಎಂದು ಯಾರಾದರೂ ಮಾರಾಟಕ್ಕಾಗಿ ಹೇಳಿದರೆ ಅದು ಅತಿಶಯೋಕ್ತಿ. ಅಮೆರಿಕದಲ್ಲಿ ಸುಮಾರು ಸಾವಿರ ಹಿರಿಯರ ಮೇಲೆ ನಡೆದು 2023ರಲ್ಲಿ ವರದಿಯಾದ ಪ್ರಯೋಗದಲ್ಲಿ ಒಟ್ಟಾರೆ ಗುಂಪಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಅಪಾಯ ಹೆಚ್ಚಿದ್ದವರಲ್ಲಿ ಮಾತ್ರ ಮೂರು ವರ್ಷಗಳ ಬೌದ್ಧಿಕ ಕುಸಿತ ಗಣನೀಯವಾಗಿ ತಗ್ಗಿತ್ತು. ಅದಕ್ಕೂ ಮುನ್ನವೇ ನಡೆಯುವ ನಷ್ಟ ಎಲ್ಲರಿಗೂ ಕಾಣುವಂಥದ್ದು: ಕೇಳಿಸದಿದ್ದಾಗ ನಕ್ಕು ತಲೆಯಾಡಿಸುವ ಹಿರಿಯರು ಕ್ರಮೇಣ ಮದುವೆ, ಸಭೆಗಳಿಗೆ ಹೋಗುವುದನ್ನೇ ಬಿಡುತ್ತಾರೆ.

ಹಾಗಾದರೆ ಪರೀಕ್ಷೆ ಹೇಗಿರಬೇಕು? ಈ ಪ್ರಶ್ನೆಗೆ ಉತ್ತರ ಕರ್ನಾಟಕದಲ್ಲೇ ಇದೆ. 1965ರಲ್ಲಿ ಸ್ಥಾಪನೆಯಾದ, ಮಾನಸಗಂಗೋತ್ರಿಯಲ್ಲಿರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಸಂಶೋಧಕರು ಗದ್ದಲದಲ್ಲಿ ಮಾತು ಗ್ರಹಿಸುವ ಶಕ್ತಿಯನ್ನು ಅಳೆಯಲು ಕನ್ನಡದ್ದೇ ವಾಕ್ಯಪಟ್ಟಿಗಳನ್ನು ರೂಪಿಸಿದ್ದಾರೆ. 2014ರಲ್ಲಿ ಪ್ರಕಟವಾದ ಕನ್ನಡ ವಾಕ್ಯ ಗುರುತಿಸುವಿಕೆ ಪರೀಕ್ಷೆ ಅವುಗಳಲ್ಲಿ ಒಂದು. ವಾಕ್ಯಗಳ ಹಿಂದೆ ಗದ್ದಲವನ್ನು ಹಂತಹಂತವಾಗಿ ಬದಲಿಸಿ, ಸಾಧನವಿಲ್ಲದೆ ಒಮ್ಮೆ, ಸಾಧನದೊಂದಿಗೆ ಇನ್ನೊಮ್ಮೆ ಕೇಳಿಸಿದರೆ ಎರಡು ಮಾದರಿಗಳ ನಡುವಿನ ವ್ಯತ್ಯಾಸ ಅಂಕಿಗಳಲ್ಲೇ ಗೋಚರಿಸುತ್ತದೆ. ಹೆಚ್ಚು ಸಮಯ ಬೇಡ, ದುಬಾರಿ ಯಂತ್ರವೂ ಬೇಡ. ಲಕ್ಷ ರೂಪಾಯಿ ಕೇಳುವ ಮಳಿಗೆ ಈ ಪರೀಕ್ಷೆಯನ್ನು ಮಾಡುವುದಿಲ್ಲ ಎಂದರೆ ಗ್ರಾಹಕರು ಬೇರೆ ಬಾಗಿಲು ನೋಡುವುದೇ ಲೇಸು. ಹಣ ಪೂರ್ತಿ ಪಾವತಿಸುವ ಮುನ್ನ ಒಂದೆರಡು ವಾರ ಸಾಧನವನ್ನು ಕೊಂಡೊಯ್ದು, ಮಾಮೂಲಾಗಿ ಹೋಗುವ ಹೋಟೆಲಿನಲ್ಲಿ, ಮಾರುಕಟ್ಟೆಯಲ್ಲಿ ಬಳಸಿ ನೋಡುವ ಅವಕಾಶವನ್ನು ಬರಹದಲ್ಲಿ ಪಡೆಯಬೇಕು.

ಉಳಿದ ಹೊಣೆ ಸಾರ್ವಜನಿಕ ಸ್ಥಳಗಳದ್ದು. ಬ್ರಿಟನ್ನಿನಲ್ಲಿ ಟಿಕೆಟ್ ಕಿಟಕಿ, ಚರ್ಚು, ರಂಗಮಂದಿರಗಳಲ್ಲಿ ತಂತಿಯ ಸುರುಳಿ ಅಳವಡಿಸಿ, ಟೆಲಿಕಾಯಿಲ್ ಇರುವ ಸಾಧನಗಳಿಗೆ ಮಾತನ್ನು ನೇರವಾಗಿ ತಲುಪಿಸುವ ವ್ಯವಸ್ಥೆ ಹಳೆಯದು. 2022ರಲ್ಲಿ ಘೋಷಣೆಯಾದ ಆರಾಕಾಸ್ಟ್ ಎಂಬ ಬ್ಲೂಟೂತ್ ಪ್ರಸಾರ ವಿಧಾನ ಅದರ ಉತ್ತರಾಧಿಕಾರಿಯಾಗುವ ಲಕ್ಷಣಗಳಿವೆ. ನಮ್ಮಲ್ಲಿ ಆಸ್ಪತ್ರೆ, ಬ್ಯಾಂಕುಗಳ ದಪ್ಪ ಗಾಜಿನ ಕಿಂಡಿಗಳ ಹಿಂದಿನಿಂದ ಗುಮಾಸ್ತರು ಟೋಕನ್ ಸಂಖ್ಯೆ ಕೂಗುತ್ತಾರೆ. ಕಿಂಡಿಯ ಈಚೆ ನಿಂತ ಹಿರಿಯರು ಪಕ್ಕದವರ ಮುಖ ನೋಡುತ್ತಾರೆ.