ಹಳೆಯ ಸೈಕಲ್ಲಿಗೊಂದು ಸ್ಕೇಲು

ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದರೆ ಗೇರ್ ಸೈಕಲ್ ಕೊಡಿಸುತ್ತೇನೆ ಎಂದು ಎದುರುಮನೆಯ ಮೇಷ್ಟ್ರು ಮಗನಿಗೆ ಮಾತು ಕೊಟ್ಟಿದ್ದರು. ಹುಡುಗ ಫಸ್ಟ್ ಕ್ಲಾಸ್ ತಂದ. ಮೇಷ್ಟ್ರು ಪೇಚಿಗೆ ಸಿಕ್ಕಿಕೊಂಡರು. ಹುಡುಗ ಅಂಗಡಿಯ ಗಾಜಿನಾಚೆಗೆ ಬೆರಳು ಮಾಡಿ ತೋರಿಸಿದ ಮೌಂಟನ್ ಬೈಕಿಗೆ 14,000 ರೂಪಾಯಿ. ಪಿಯುಸಿ ಫೀಸು, ಪುಸ್ತಕ, ಟ್ಯೂಷನ್ನು ಎಲ್ಲ ಕಟ್ಟಿ ಮೇಷ್ಟ್ರ ಕೈಯಲ್ಲಿ ಉಳಿದಿದ್ದು 6,000. "ಸೆಕೆಂಡ್ ಹ್ಯಾಂಡ್ ನೋಡೋಣ ಅಂತಿದೀನಿ ಸಾರ್. ನೀವು ಸ್ವಲ್ಪ ಜೊತೇಲಿ ಬನ್ನಿ" ಎಂದರು.

ನನ್ನನ್ನೇ ಕರೆದದ್ದಕ್ಕೆ ಕಾರಣವುಂಟು. ಹನ್ನೆರಡು ವರ್ಷದ ಹಿಂದೆ ನಾನು ಮಗಳಿಗೆ ಹಳೆಯ ಸೈಕಲ್ ಕೊಡಿಸಿ ಕೈ ಸುಟ್ಟುಕೊಂಡದ್ದು ಇಡೀ ಬೀದಿಗೆ ಗೊತ್ತು. ಹೊಸದಾಗಿ ಬಣ್ಣ ಹೊಡೆದಿದ್ದ ಸೈಕಲ್ಲು ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಬಣ್ಣದ ಕೆಳಗೆ, ಹ್ಯಾಂಡಲ್ ಕೂರುವ ಕೊಳವೆಯ ಬುಡದಲ್ಲಿ, ಕೂದಲೆಳೆಯಂಥ ಬಿರುಕಿತ್ತು. ಎರಡು ತಿಂಗಳಿಗೆ ಸರಿಯಾಗಿ ಒಂದು ರೋಡ್ ಹಂಪಿನ ಮೇಲೆ ಫ್ರೇಮು ಬಾಯಿ ಬಿಟ್ಟಿತು. ಮಗಳ ಬಲಗೈಗೆ ಆರು ವಾರ ಪ್ಲಾಸ್ಟರು, ಅರ್ಧವಾರ್ಷಿಕ ಪರೀಕ್ಷೆ ಖೋತಾ. ಮಾರಿದವರು ಆಮೇಲೆ ಫೋನು ಎತ್ತಲಿಲ್ಲ. ಅಂದಿನಿಂದ ಬಣ್ಣ ಚೆನ್ನಾಗಿರುವ ಹಳೆಯ ಸೈಕಲ್ ಕಂಡರೆ ನನಗೆ ಗುಮಾನಿ.

ಹಾಗೆಂದು ಹಳೆಯ ಸೈಕಲ್ಲೇ ಬೇಡ ಎನ್ನುವವನಲ್ಲ. ಮೌಂಟನ್ ಬೈಕ್ ಎಂಬುದು ಹುಟ್ಟಿದ್ದೇ ಸೆಕೆಂಡ್ ಹ್ಯಾಂಡ್ ಸೈಕಲ್ಲಿನ ಹೊಟ್ಟೆಯಲ್ಲಿ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಒಂದಷ್ಟು ಹುಡುಗರು ಮೂವತ್ತು ನಲವತ್ತು ವರ್ಷ ಹಳೆಯದಾದ, ದಪ್ಪ ಟೈರಿನ ಸೈಕಲ್ಲುಗಳನ್ನು ಅಗ್ಗಕ್ಕೆ ಹಿಡಿದು ತಂದು, ಟಮಾಲ್ಪಾಯಸ್ ಬೆಟ್ಟದ ಸುತ್ತಿನ ಮಣ್ಣುದಾರಿಗಳಲ್ಲಿ ಕೆಳಕ್ಕೆ ಬಿಡುತ್ತಿದ್ದರು. ಆ ಸೈಕಲ್ಲುಗಳ ಬ್ರೇಕು ಹಿಂದಿನ ಹಬ್ಬಿನೊಳಗೆ. ಇಳಿಜಾರು ಮುಗಿಯುವಷ್ಟರಲ್ಲಿ ಹಬ್ಬು ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಹಾಗಾಗಿ ಆ ದಾರಿಗೆ 'ರೀಪ್ಯಾಕ್' ಎಂದೇ ಹೆಸರು ಬಿತ್ತು. ಅಲ್ಲಿ 1976ರಲ್ಲಿ ಪಂದ್ಯವೂ ಶುರುವಾಯಿತು. ಅವರಲ್ಲೊಬ್ಬನಾದ ಜೋ ಬ್ರೀಜ್ 1977ರಲ್ಲಿ ಈ ಕೆಲಸಕ್ಕೆಂದೇ ಹೊಸ ಫ್ರೇಮು ಕಟ್ಟಿದ. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಅಂಗಡಿಗೆ ಬಂದ ಮೇಲೆ ಈ ಸೈಕಲ್ಲು ಲೋಕಕ್ಕೆಲ್ಲ ಹಬ್ಬಿತು.

ಇರಲಿ. ಭಾನುವಾರ ಬೆಳಿಗ್ಗೆ ಮೂವರೂ ಹೊರಟೆವು. ಹುಡುಗನಿಗೆ ಸ್ಕೂಲಿನ 30 ಸೆಂಟಿಮೀಟರ್ ಸ್ಕೇಲ್ ತರಲು ಹೇಳಿದ್ದೆ. "ಸ್ಕೇಲ್ ಯಾಕೆ ಅಂಕಲ್?" ಎಂದ. "ಬಾ, ತೋರಿಸ್ತೀನಿ" ಎಂದೆ.

ಮೊದಲನೆಯದು ಕುವೆಂಪುನಗರದ ಒಂದು ಮನೆಯಲ್ಲಿ. ಹಿಂದೆ ಮುಂದೆ ಎರಡೂ ಕಡೆ ಸ್ಪ್ರಿಂಗು, ಹಳದಿ ಬಣ್ಣ. ಹುಡುಗನ ಕಣ್ಣು ಅರಳಿತು. ನಾನು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಹ್ಯಾಂಡಲ್ ಕೊಳವೆಯಿಂದ ಪೆಡಲ್ಲಿನ ಕಡೆಗೆ ಇಳಿಯುವ ದಪ್ಪ ಕೊಳವೆಯ ಅಡಿಭಾಗದ ಮೇಲೆ ಹೆಬ್ಬೆರಳು ಎಳೆದೆ. ಕೊಳವೆ ಸೇರುವ ಜಾಗದಿಂದ ಒಂದೆರಡು ಇಂಚು ಹಿಂದೆ ಬಣ್ಣ ಸುಕ್ಕಾಗಿತ್ತು. ಸೈಕಲ್ಲು ಗೋಡೆಗೋ ಕಾರಿಗೋ ನೇರವಾಗಿ ಗುದ್ದಿದಾಗ ಕಬ್ಬಿಣ ಮಡಿಚಿಕೊಳ್ಳುವುದು ಅಲ್ಲೇ. ಚೈನು ಬದಲಿಸಬಹುದು, ಚಕ್ರ ಬದಲಿಸಬಹುದು. ಫ್ರೇಮು ಹೋದರೆ ಸೈಕಲ್ಲೇ ಹೋದ ಹಾಗೆ. ಇನ್ನು ಈ ಅಗ್ಗದ ಡಬಲ್ ಸ್ಪ್ರಿಂಗಿನ ಸೈಕಲ್ಲುಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಫ್ರೇಮು ಸರಿಯಿದ್ದರೂ ಬೇಡ. ಪೆಡಲ್ ಮೇಲೆ ನಾವು ಹಾಕುವ ಬಲದಲ್ಲಿ ಒಂದು ಪಾಲು ಹಿಂದಿನ ಸ್ಪ್ರಿಂಗು ಕುಣಿಸುವುದಕ್ಕೇ ಖರ್ಚಾಗುತ್ತದೆ. ಮೇಲಿಂದ ಎರಡು ಮೂರು ಕೇಜಿ ಹೆಚ್ಚು ಭಾರ. ಹುಡುಗ ಮುಖ ಸಣ್ಣ ಮಾಡಿಕೊಂಡ.

ಎರಡನೆಯದು ಒಂದು ಸಂದಿಯ ಗುಜರಿ ಅಂಗಡಿಯಲ್ಲಿ. ಒಳ್ಳೆಯ ಕಂಪನಿಯ ಸೈಕಲ್ಲು, ಹೊಸದರಂತೆಯೇ ಇದೆ, 3,500 ಸಾಕಂತೆ. ಮೇಷ್ಟ್ರು ಆಗಲೇ ಜೇಬಿಗೆ ಕೈ ಹಾಕಿದ್ದರು. ನಾನು ಬಗ್ಗಿ ನೋಡಿದೆ. ಪೆಡಲ್ಲಿನ ಅಚ್ಚು ಕೂರುವ ಜಾಗದ ಅಡಿಯಲ್ಲಿ ಸಾಮಾನ್ಯವಾಗಿ ಫ್ರೇಮ್ ನಂಬರ್ ಒತ್ತಿರುತ್ತಾರೆ. ಇಲ್ಲಿ ಆ ಜಾಗವನ್ನು ಅರದಿಂದ ಉಜ್ಜಿ ನಯ ಮಾಡಿದ್ದರು. ಬಿಲ್ಲು ಕೇಳಿದರೆ "ಬಿಲ್ಲೆಲ್ಲ ಎಲ್ಲಿಂದ ತರೋದು ಸಾರ್, ಬೇಕಾದ್ರೆ ಇನ್ನೊಂದು ಇನ್ನೂರು ಬಿಡ್ತೀನಿ" ಎಂದ. ಕದ್ದ ಮಾಲು ಎಂದು ನಂಬಲು ಕಾರಣವಿದ್ದೂ ಕೊಂಡುಕೊಳ್ಳುವುದು ಕಾನೂನಿನಲ್ಲಿ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಕಾಲೇಜಿನ ಸ್ಟ್ಯಾಂಡಿನಲ್ಲಿ ಯಾವನೋ ಹುಡುಗ "ಇದು ನನ್ನ ಸೈಕಲ್ಲು" ಎಂದರೆ ನಮ್ಮ ಹುಡುಗ ಎಲ್ಲಿ ಮುಖ ಇಟ್ಟುಕೊಳ್ಳಬೇಕು? ಸುಮ್ಮನೆ ಎದ್ದು ಬಂದೆವು. ಮೇಷ್ಟ್ರು ದಾರಿಯುದ್ದಕ್ಕೂ ಮಾತಾಡಲಿಲ್ಲ.

ಮೂರನೆಯದು ಸಿಕ್ಕಿದ್ದು ಕೊನೆಯ ವರ್ಷದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯ ರೂಮಿನಲ್ಲಿ. ಓದು ಮುಗಿಸಿ ಹುಡುಗರು ಊರು ಬಿಡುವ ಮೇ, ಜೂನ್ ತಿಂಗಳು ಹಳೆಯ ಸೈಕಲ್ ಹುಡುಕಲು ಒಳ್ಳೆಯ ಕಾಲ. ಮುಂದೆ ಮಾತ್ರ ಸ್ಪ್ರಿಂಗಿರುವ, 26 ಇಂಚಿನ, 21 ಗೇರಿನ ಕಪ್ಪು ಸೈಕಲ್ಲು. ಎರಡೂ ಟೈರು ನೆಲ ಕಚ್ಚಿತ್ತು, ಮೇಲೆಲ್ಲ ಧೂಳು. ನಮ್ಮ ಹುಡುಗನಿಗೆ ನೋಡಿದ ಕೂಡಲೇ ಬೇಡವಾಯಿತು. ನನಗೆ ಬೇಕಾಯಿತು. ಬಿಲ್ಲಿತ್ತು, ನಂಬರು ತಾಳೆಯಾಯಿತು, ಫ್ರೇಮಿನಲ್ಲಿ ಸುಕ್ಕಿಲ್ಲ, ಬಿರುಕಿಲ್ಲ.

ಮೊದಲು ಅಳತೆ. ಮಕ್ಕಳಿಗೆ ಯೂನಿಫಾರಂ ಹೊಲಿಸುವಾಗ "ಬೆಳೆಯೋ ಹುಡುಗ, ಒಂದೆರಡು ಇಂಚು ದೊಡ್ಡದೇ ಇರಲಿ" ಎನ್ನುವ ತಾಯ್ತಂದೆಯರು ಸೈಕಲ್ಲಿಗೂ ಅದೇ ಲೆಕ್ಕ ಹಾಕುತ್ತಾರೆ. ಸೈಕಲ್ಲಿಗೆ ಅದು ಸಲ್ಲದು. ಮೇಲಿನ ಕೊಳವೆಯ ಎರಡು ಪಕ್ಕಕ್ಕೂ ಕಾಲಿಟ್ಟು ನಿಂತರೆ ಪಾದ ಪೂರ್ತಿ ನೆಲಕ್ಕೂರಿ, ಕೊಳವೆಗೂ ಮೈಗೂ ನಡುವೆ ಎರಡು ಮೂರು ಇಂಚು ಜಾಗ ಉಳಿಯಬೇಕು. ಆಮೇಲೆ ಸೀಟು ಏರಿಸಿಕೊಳ್ಳಬಹುದು. ಅದರ ಕಂಬಿಯ ಮೇಲೆ ಇಷ್ಟಕ್ಕಿಂತ ಮೇಲೆ ಎಳೆಯಬೇಡಿ ಎಂಬ ಗೆರೆಯಿರುತ್ತದೆ. ಅದು ಕೊಳವೆಯೊಳಗೇ ಇರಬೇಕು.

ಮುಂದಿನ ಬ್ರೇಕು ಬಿಗಿಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿದೆ. ಹ್ಯಾಂಡಲ್ಲಿನ ಬುಡದಲ್ಲಿ ಲೊಟಲೊಟ ಎಂದರೆ ಅಲ್ಲಿನ ಬೇರಿಂಗು ಸಡಿಲ. ಇದರಲ್ಲಿ ಸದ್ದಿರಲಿಲ್ಲ. ಪೆಡಲ್ ತೋಳು ಹಿಡಿದು ಪಕ್ಕಕ್ಕೆ ತಳ್ಳಿದೆ, ಆಟ ಇರಲಿಲ್ಲ. ಚಕ್ರ ಎತ್ತಿ ತಿರುಗಿಸಿ ಬ್ರೇಕಿನ ರಬ್ಬರ್ ಬಿಲ್ಲೆಯ ಪಕ್ಕದಲ್ಲಿ ರಿಮ್ಮು ಹೇಗೆ ಹಾದುಹೋಗುತ್ತದೆಂದು ನೋಡಿದೆ. ಹಿಂದಿನ ಚಕ್ರ ಸ್ವಲ್ಪ ಹಾವಿನಂತೆ ಹೊಯ್ದಾಡುತ್ತಿತ್ತು. ಕಡ್ಡಿ ಬಿಗಿ ಮಾಡಿ ಬೆಂಡ್ ತೆಗೆಯುವುದು ಯಾವ ಸೈಕಲ್ ರಿಪೇರಿಯವರಿಗೂ ಗೊತ್ತಿರುವ ಕೆಲಸ.

ಆಮೇಲೆ ಸ್ಕೇಲು. ಸೈಕಲ್ ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು. ಇಪ್ಪತ್ತು ಅಂತರ ಎಣಿಸಿದರೆ ಹತ್ತು ಇಂಚು, ಅಂದರೆ 25.4 ಸೆಂಟಿಮೀಟರ್ ಬರಬೇಕು. ಪಿನ್ನುಗಳು ಸವೆದಂತೆ ಚೈನು ಉದ್ದವಾಗುತ್ತದೆ. 25.5ರ ಹತ್ತಿರ ಬಂದರೆ ಚೈನು ಬದಲಿಸುವ ಕಾಲ. ಹಾಗೇ ಓಡಿಸುತ್ತಾ 25.65 ಮುಟ್ಟಿದರೆ, ಉದ್ದವಾದ ಚೈನು ಹಿಂದಿನ ಫ್ರೀವೀಲಿನ ಹಲ್ಲನ್ನೂ ತಿಂದುಹಾಕಿರುತ್ತದೆ. ಆಗ ಹೊಸ ಚೈನು ಹಾಕಿದರೂ ಹಲ್ಲಿನ ಮೇಲೆ ಜಾರುತ್ತದೆ, ಎರಡನ್ನೂ ಬದಲಿಸಬೇಕು. ಚೈನನ್ನು ಬಿಗಿಯಾಗಿ ಎಳೆದು ಹುಡುಗನಿಂದಲೇ ಅಳೆಸಿದೆ. "25.7 ಅಂಕಲ್!" ಎಂದ. ಅವನ ದನಿಯಲ್ಲಿ ಮೊದಲ ಬಾರಿಗೆ ಸೈಕಲ್ಲಿನ ಮೇಲೆ ಆಸಕ್ತಿ ಕಂಡಿತು. ಮಾರುವ ಹುಡುಗನೂ ಬಗ್ಗಿ ನೋಡಿ ತಲೆ ಕೆರೆದುಕೊಂಡ. 4,200 ಹೇಳಿದ್ದವನು 3,600ಕ್ಕೆ ಒಪ್ಪಿದ. ನಂಬರು, ತಾರೀಖು ಹಾಕಿ, ಸಹಿ ಮಾಡಿದ ಒಂದು ಚೀಟಿಯನ್ನೂ ಬರೆದುಕೊಟ್ಟ.

ಚೈನು 350, ಫ್ರೀವೀಲು 450, ಬ್ರೇಕಿನ ಬಿಲ್ಲೆ 200, ಕೇಬಲ್ಲು 200, ಎರಡು ಟ್ಯೂಬು 400, ಕೂಲಿ 500. ಒಟ್ಟು 2,100. ಹಳೆಯ ಸೈಕಲ್ಲಿನ ಬೆಲೆಯೆಂದರೆ ಮಾರಿದವನಿಗೆ ಕೊಟ್ಟದ್ದಲ್ಲ, ರಿಪೇರಿ ಅಂಗಡಿಯಿಂದ ಹೊರಬಂದಾಗ ಆದದ್ದು. ಇದನ್ನು ಮೊದಲೇ ಲೆಕ್ಕ ಹಾಕದೆ ಇದ್ದ ದುಡ್ಡನ್ನೆಲ್ಲ ಕೊಂಡುಕೊಳ್ಳುವುದಕ್ಕೇ ಸುರಿದವರ ಸೈಕಲ್ಲುಗಳು ಎಷ್ಟೋ ಮನೆಯ ಮೆಟ್ಟಿಲ ಕೆಳಗೆ ತುಕ್ಕು ಹಿಡಿಯುತ್ತಿವೆ.

ಟ್ಯೂಬಿನ ವಿಷಯದಲ್ಲಿ ಒಂದು ಸಣ್ಣ ಎಡವಟ್ಟಾಯಿತು. ಮೇಷ್ಟ್ರು ಟೈರನ್ನೂ ಬದಲಿಸಿಬಿಡೋಣ ಎಂದು ಉತ್ಸಾಹದಿಂದ ಮೂಲೆ ಅಂಗಡಿಯಿಂದ 26 ಇಂಚಿನದೇ ಒಂದು ಟೈರು ತಂದರು. ಏನು ಮಾಡಿದರೂ ರಿಮ್ಮಿನ ಮೇಲೆ ನಿಲ್ಲಲಿಲ್ಲ. ತಂದಿದ್ದು 26 ಗುಣಿಸು ಒಂದೂ ಮೂರರ ಎಂಟಂಶದ್ದು. ಅದರ ರಿಮ್ಮಿನ ವ್ಯಾಸ 590 ಮಿಲಿಮೀಟರ್. ಮೌಂಟನ್ ಬೈಕಿನ 26ರದ್ದು 559. ಅಳತೆ 1.95, 2.1, 2.125 ಎಂದು ದಶಾಂಶದಲ್ಲಿದ್ದರೆ ಅದು ಮೌಂಟನ್ ಬೈಕಿನದು, ಭಿನ್ನರಾಶಿಯಲ್ಲಿದ್ದರೆ ಅಲ್ಲ. ಎರಡೂ ಒಂದೇ ಎಂದು ಗಣಿತದ ಮೇಷ್ಟ್ರು ವಾದಿಸಿದರು. ಟೈರು ಒಪ್ಪಲಿಲ್ಲ. ಪುಣ್ಯಕ್ಕೆ ಅಂಗಡಿಯವರು ವಾಪಸು ತೆಗೆದುಕೊಂಡರು. ಹಳೆಯ ಟೈರುಗಳಲ್ಲಿ ಬಿರುಕಿರಲಿಲ್ಲ, ಅವೇ ಉಳಿದವು.

ಕೈಯಲ್ಲಿ ಉಳಿದಿದ್ದು 300. "ಹೆಲ್ಮೆಟ್ ಮುಂದಿನ ತಿಂಗಳು ತಗೊಂಡ್ರಾಯ್ತು ಬಿಡಿ ಸಾರ್" ಎಂದರು ಮೇಷ್ಟ್ರು. ಇಲ್ಲಿ ಮಾತ್ರ ನಾನು ಜಗಳಕ್ಕೇ ನಿಂತೆ. ಕೊನೆಗೆ ಹುಡುಗನ ಸೋದರಮಾವ ಫಸ್ಟ್ ಕ್ಲಾಸಿಗೆಂದು ಕೊಟ್ಟಿದ್ದ ಹಣ ಸೇರಿಸಿ ಅವತ್ತೇ ತಂದರು.

ನೋಡಿಕೊಳ್ಳುವ ಕೆಲಸ ದೊಡ್ಡದೇನಲ್ಲ, ತಪ್ಪದೆ ಮಾಡಬೇಕು ಅಷ್ಟೆ. ವಾರಕ್ಕೊಮ್ಮೆ ಚೈನನ್ನು ಬಟ್ಟೆಯಿಂದ ಒರೆಸಿ, ಒಂದೊಂದು ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಹೊರಗಿನ ಎಣ್ಣೆಯನ್ನು ಮತ್ತೆ ಒರೆಸಿಬಿಡಬೇಕು. ಹೊರಗೆ ಎಣ್ಣೆ ಉಳಿದರೆ ಧೂಳು ಅಂಟಿ ಅರದಂತೆ ಉಜ್ಜುತ್ತದೆ. ಅಡಿಗೆಮನೆಯ ಕೊಬ್ಬರಿ ಎಣ್ಣೆ ಬೇಡ. ನಮ್ಮ ಮೈಸೂರಿನ ಡಿಸೆಂಬರ್ ಬೆಳಗಿನಲ್ಲಿ ಅದು ಹೆಪ್ಪುಗಟ್ಟುತ್ತದೆ, ಬೇಸಿಗೆಯಲ್ಲಿ ಜಿಗುಟಾಗುತ್ತದೆ. ಕಾರು ತೊಳೆಯುವ ರಭಸದ ಪೈಪಿನಿಂದ ಸೈಕಲ್ ತೊಳೆಯಬೇಡಿ, ನೀರು ಬೇರಿಂಗಿನೊಳಗೆ ನುಗ್ಗಿ ಗ್ರೀಸನ್ನು ಕೊಚ್ಚುತ್ತದೆ. ಡಿಸ್ಕ್ ಬ್ರೇಕಿದ್ದರೆ ಆ ತಟ್ಟೆಗೆ ಒಂದು ಹನಿ ಎಣ್ಣೆಯೂ ತಾಗಬಾರದು.

21 ಗೇರಿದೆ ಎಂದು 21ನ್ನೂ ಬಳಸಬೇಕಿಲ್ಲ. ಮುಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಿಂದಿನ ದೊಡ್ಡದು, ಮುಂದಿನ ಚಿಕ್ಕದಕ್ಕೆ ಹಿಂದಿನ ಚಿಕ್ಕದು, ಹೀಗೆ ಹಾಕಿದರೆ ಚೈನು ಓರೆಯಾಗಿ ಎಳೆದು ಬೇಗ ಸವೆಯುತ್ತದೆ. ಏರು ಶುರುವಾಗುವ ಮೊದಲೇ ಗೇರು ಇಳಿಸಿ. ಏರಿನ ನಡುವೆ ಪೂರ್ತಿ ಭಾರ ಹಾಕಿ ತುಳಿಯುತ್ತಾ ಬದಲಿಸಿದರೆ ಚೈನು ಕಟಕಟ ಹಲ್ಲು ಕಡಿಯುತ್ತದೆ. ಸೈಕಲ್ಲನ್ನು ಬಲಮಗ್ಗುಲಿಗೆ ಮಲಗಿಸಬೇಡಿ, ಗೇರು ಬದಲಿಸುವ ತೋಳು ಇರುವುದು ಆ ಕಡೆ. ಎಡಗಡೆಯ ಪೆಡಲ್ ಬಿಚ್ಚುವಾಗ ಸ್ಪ್ಯಾನರನ್ನು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಅದರ ಮರೆ ಉಲ್ಟಾ.

ಇನ್ನು ಚಾಮುಂಡಿ ಬೆಟ್ಟ. ಗೇರ್ ಸೈಕಲ್ ಕೊಂಡ ಮೈಸೂರಿನ ಹುಡುಗ ಅಲ್ಲಿಗೆ ಹೋಗದೆ ಇರುವುದುಂಟೆ? ಹತ್ತುವುದು ಶ್ವಾಸದ ಕೆಲಸ, ಇಳಿಯುವುದು ಬ್ರೇಕಿನ ಕೆಲಸ. ಹೊರಡುವ ಮೊದಲು ಬಿಲ್ಲೆಗಳಲ್ಲಿನ ಗೀರು ಪೂರ್ತಿ ಸವೆದಿಲ್ಲವೆಂದು ನೋಡಬೇಕು. ಬ್ರೇಕಿನ ಹಿಡಿ ಪೂರ್ತಿ ಒತ್ತಿದಾಗಲೂ ಹ್ಯಾಂಡಲ್ಲಿಗೆ ಮುಟ್ಟಬಾರದು. ಇಳಿಯುವಾಗ ಮೈಭಾರ ಹಿಂದಕ್ಕೆ, ಎರಡೂ ಬ್ರೇಕು ಒಟ್ಟಿಗೆ, ತಿರುವು ಬರುವ ಮೊದಲೇ. ಒಂದೇ ಸಮ ಹಿಡಿದುಕೊಂಡು ಬಂದರೆ ರಿಮ್ಮು ಕಾಯುತ್ತದೆ. ರೀಪ್ಯಾಕಿನ ಹುಡುಗರ ಹೊಗೆ ನೆನಪಿರಲಿ.

ಹೋದ ಭಾನುವಾರ ಹುಡುಗ ಬೆಟ್ಟ ಇಳಿದು ಬಂದವನು ನೇರವಾಗಿ ನಮ್ಮ ಮನೆಗೇ ಬಂದ. ಹಾಲುಪೇಟೆ ತರಲು ನಾನು ಇಟ್ಟುಕೊಂಡಿರುವ ಹಳೆಯ ಕರಿ ಸೈಕಲ್ಲು ಗೇಟಿನ ಪಕ್ಕದಲ್ಲಿತ್ತು. ಬ್ಯಾಗಿನಿಂದ ಸ್ಕೇಲು ತೆಗೆದು ಕೂತ. ಚೈನಿನ ಮೇಲೆ ಇಟ್ಟು, ಎಣಿಸಿ, ಇನ್ನೊಮ್ಮೆ ಎಣಿಸಿ, "ಅಂಕಲ್, ನಿಮ್ಮದು 25.9" ಎಂದ.

ನಾಳೆ ಅಂಗಡಿಗೆ ಹೋಗಬೇಕು.